ಕಾಲಡಿಯ ಡಬ್ಬಿ ಗಟ್ಟಿ ಇರಲಿ

ಜಾತ್ರೆಗೆ ಆರ್ಕೆಸ್ಟ್ರಾ ಬಂದರೆ ಗಿಟಾರ್ ಬಾರಿಸುವವನ ಕಾಲ ಹತ್ತಿರ ನೋಡಿರಿ, ಒಂದು ಸಣ್ಣ ಡಬ್ಬಿ ಇರುತ್ತದೆ. ಗುಂಡಿ ತುಳಿದರೆ ತಂತಿಯ ಮೆತ್ತನ್ನ ದನಿ ಗರಗರ ಅನ್ನುತ್ತದೆ. ಇದಕ್ಕೆ ಪೆಡಲ್ ಅನ್ನುತ್ತಾರೆ. ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಆದರೆ ಬಾಳಿಕೆ ಬರಬೇಕಲ್ಲ! ಮಳೆ ಕೈಕೊಟ್ಟ ವರ್ಷ ಕಾರ್ಯಕ್ರಮದ ದುಡ್ಡನ್ನೇ ನಂಬಿದ ಹುಡುಗರಿಗೆ, ವೇದಿಕೆ ಮೇಲೆ ದನಿ ನಿಂತರೆ ಮುಂದಿನ ಕರೆಯೂ ನಿಲ್ಲುತ್ತದೆ.

ಈ ದನಿಗೆ ಹೆಸರು ತಂದದ್ದೇ ಒಂದು ಕೆಟ್ಟ ಯಂತ್ರ. ಅಮೆರಿಕದ ಗಾಯಕ ಮಾರ್ಟಿ ರಾಬಿನ್ಸ್ ಹಾಡು ಮುದ್ರಿಸುವಾಗ ಮಿಕ್ಸರ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬಾಸ್ ಗಿಟಾರ್ ಒಡಕಾಗಿ ಕೇಳಿತು. 1961ರಲ್ಲಿ ಹಾಡು ಹೊರಬಂದಾಗ ಜನ ಮೆಚ್ಚಿದರು. 1962ರಲ್ಲಿ ಅದೇ ದನಿ ಕೊಡುವ ಮೇಸ್ಟ್ರೋ ಫಜ್‌ಟೋನ್ ಡಬ್ಬಿ ಮಾರಾಟಕ್ಕೆ ಬಂತು.

ಒಳಗಿನ ಕೆಲಸ ಎಸ್ಸೆಸ್ಸೆಲ್ಸಿ ಕಲಿತ ನನಗೂ ತಿಳಿಯುವಷ್ಟು ಸರಳ. ಎರಡು ಟ್ರಾನ್ಸಿಸ್ಟರ್, ಕೆಲವು ರೆಸಿಸ್ಟರ್, ಕಂಡೆನ್ಸರ್, 9 ವೋಲ್ಟ್ ಬ್ಯಾಟರಿ. ಟ್ರಾನ್ಸಿಸ್ಟರ್ ದನಿಯ ಅಲೆಯನ್ನು ಎತ್ತರಿಸುತ್ತದೆ. ಮಿತಿ ಮೀರಿದಾಗ, ಜೋಳದ ತೆನಿ ಒಂದೇ ಸಮ ಕೊಯ್ದ ಹಂಗ, ಅಲೆಯ ತಲೆ ಹೋಗುತ್ತದೆ. ಅದೇ ಗರಗರ.

ಆದರೆ ಪೆಡಲ್ ಕೆಡುವುದು ಬಹಳ ಸಲ ಇಲ್ಲಲ್ಲ. ಬಾವಿಯ ಮೋಟಾರ್ ಸುಟ್ಟಿತು ಅಂತ ಹೆದರಿ ನೋಡಿದರೆ ಸ್ಟಾರ್ಟರಿನ ವೈರ್ ಸಡಿಲಾಗಿರುತ್ತದಲ್ಲ, ಹಂಗೇ ಇದೂ. ಕಾಲು ತುಳಿಯುವ, ಕೈ ಎಳೆಯುವ ಜಾಗವೇ ಮೊದಲು ಕೆಡುತ್ತದೆ.

ಡಬ್ಬಿ ಎರಕದ ಅಲ್ಯೂಮಿನಿಯಂದು ಇರಲಿ. ತುಳಿತ ತಾಳುತ್ತದೆ, ಸರ್ಕ್ಯೂಟಿನ ಅರ್ಥ್‌ಗೆ ಜೋಡಿಸಿದರೆ ಸುತ್ತಲಿನ ಕರೆಂಟಿನ ಗುಂಯ್ ಸದ್ದನ್ನೂ ತಡೆಯುತ್ತದೆ. ಬೋರ್ಡ್ ತಾಗದಂತೆ ಕೆಳಗೆ ಪ್ಲಾಸ್ಟಿಕ್ ಹಾಳೆ ಇಡಿರಿ. ಸ್ವಿಚ್ಚು ಡಬ್ಬಿಗೆ ನಟ್ಟಿನಿಂದ ಬಿಗಿಯಾಗಿರಲಿ. ಕಾಲಿನ ಭಾರವನ್ನು ಡಬ್ಬಿ ಹೊರಬೇಕು, ಬೋರ್ಡ್ ಹೊರಬಾರದು. ಒಳಗೆ ಬಹು ಎಳೆಯ ವೈರ್ ಬಳಸಿರಿ, ಒಂಟಿ ತಂತಿ ಬಗ್ಗಿ ಬಗ್ಗಿ ಮುರಿಯುತ್ತದೆ. ಸಾಕೆಟ್ ತಿರುಗದಂತೆ ಹಲ್ಲಿನ ವಾಷರ್ ಹಾಕಿರಿ.

ಮುಖ್ಯವಾದದ್ದು ಬೆಸುಗೆ, ತೆಲುಗಿನಲ್ಲಿ ಅತುಕು. ಸೀಸ ಕರಗಿದರೆ ಸಾಲದು, ಬಿಡಿಭಾಗದ ಕಾಲೂ ಬೋರ್ಡಿನ ತಾಮ್ರವೂ ಕಾಯಬೇಕು. ಗುಳ್ಳೆಯಂತೆ ಮೇಲೆ ಕೂತ ಬೆಸುಗೆ ಇಂದು ಹಾಡಿ ನಾಳೆ ಕೈಬಿಡುತ್ತದೆ. ಪದ್ಯದಲ್ಲೂ ಅಷ್ಟೇ, ಎರಡು ಸಾಲು ಕೂಡುವಲ್ಲೇ ಕವಿಯ ಪರೀಕ್ಷೆ.

ಇನ್ನು ಅಡಾಪ್ಟರ್. ಪೆಡಲ್‌ಗಳಲ್ಲಿ ನಡುವಿನ ತುದಿ ಸಾಮಾನ್ಯವಾಗಿ ಮೈನಸ್. ಮನೆಯ ಬೇರೆ ಅಡಾಪ್ಟರ್‌ಗಳಲ್ಲಿ ಪ್ಲಸ್ಸೇ ಹೆಚ್ಚು. ಅದಲುಬದಲಾದರೂ ಸುಡದಂತೆ ಕರೆಂಟ್ ಬರುವ ದಾರಿಯಲ್ಲಿ ಒಂದು ಡಯೋಡ್ ಕೂಡಿಸಿರಿ. ನಾಲ್ಕಾಣೆ ಗಾತ್ರದ್ದೂ ಅಲ್ಲ ಅದು, ಉಳಿಸುವುದು ಮಾತ್ರ ಇಡೀ ಡಬ್ಬಿಯನ್ನು.

ವಾದ್ಯ ಕಟ್ಟುವುದು ಈ ಸೀಮೆಗೆ ಹೊಸದಲ್ಲ. ನಮ್ಮದೇ ಜಿಲ್ಲೆಯ ಮಿರಜದ ಸಿತಾರ, ತಂಬೂರಿಗಳಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಅವುಗಳ ಬುರುಡೆ ಬೆಳೆದವರು ಮಂಗಳವೇಢೆ ಕಡೆಯ ರೈತರು. ಮುಚ್ಚಂಡಿಯ ಹುಡುಗರಿಗೆ ನಾನು ಹೇಳುವುದಿಷ್ಟೆ: ಕೊಂಡದ್ದು ಕೆಟ್ಟರೆ ಪಟ್ಟಣಕ್ಕೆ ಒಯ್ಯಬೇಕು, ಕೈಯಾರೆ ಮಾಡಿದ್ದನ್ನು ಜಾತ್ರೆಯ ದೀಪದಲ್ಲೇ ಬಿಚ್ಚಿ ಸರಿಮಾಡಬಹುದು.