ಕಲೂರಿನಲ್ಲಿ ಕಚ್ಚದ ಪಾಠ

ಹೆಬ್ಬೆರಳಿಗೆ ಹಲ್ಲು ಊರಿದ ಮರಿಯನ್ನು ಆಕೆ ಝಾಡಿಸಲಿಲ್ಲ, ಕೈಯನ್ನೂ ಎಳೆದುಕೊಳ್ಳಲಿಲ್ಲ. ಇನ್ನೊಂದು ಕೈಯಿಂದ ಅದರ ಕತ್ತಿನ ಹಿಂಬದಿಯ ಸಡಿಲ ಚರ್ಮ ಹಿಡಿದು, ಮೈಯ ಭಾರ ಅಂಗೈಗೆ ಕೊಟ್ಟು, ದನಿ ಏರಿಸದೆ ‘ಬೇಡ’ ಅಂದರು. ಮರಿ ಬೆರಳು ಬಿಟ್ಟು ದೊಡ್ಡದಾಗಿ ಆಕಳಿಸಿತು. ಗುಲಾಬಿ ಬಾಯಿ, ಸೂಜಿಮೊನೆಯ ಹಲ್ಲು, ಏನೂ ನಡೆದೇ ಇಲ್ಲವೆಂಬ ಮುಖ. ‘ಹೀಗೆ ಹಿಡಿದರೆ ಆಕಳಿಕೆ ಬಂದೇ ಬರ್ತದೆ ಮಾರಾಯ್ರೆ. ತಾಯಿ ಕಚ್ಚಿಕೊಂಡು ಹೋಗುವಾಗಲೂ ಮೈ ಹೀಗೇ ಸಡಿಲ ಬಿಡ್ತವೆ’ ಎಂದರು ನಗುತ್ತ.

ಕೊಚ್ಚಿಯ ಕಲೂರಿನಲ್ಲಿ, ನೆಹರೂ ಕ್ರೀಡಾಂಗಣದಿಂದ ನಡೆದೇ ಹೋಗಬಹುದಾದ ಫ್ಲ್ಯಾಟು ಅದು. ದಂಪತಿ ಪುತ್ತೂರು ಕಡೆಯವರು, ಕಾಕ್ಕನಾಡಿನ ಐಟಿ ಕಂಪನಿಯಲ್ಲಿ ಕೆಲಸ. ಗೆಳೆಯನೊಬ್ಬ ದುಬೈಗೆ ಹೊರಡುವಾಗ ತನ್ನ ಹೆಣ್ಣು ಫೆರೆಟ್ಟನ್ನು ಇವರ ಮಡಿಲಿಗೆ ಹಾಕಿ ಹೋದ. ಅದು ಗಬ್ಬವಾಗಿದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಫೆರೆಟ್ ಗಬ್ಬ ನಿಲ್ಲುವುದು ಸುಮಾರು 42 ದಿನ. ಹಾಗಾಗಿ ವಿಷಯ ತಿಳಿಯಲು ಬಹಳ ಕಾಯಬೇಕಾಗಲಿಲ್ಲ. ಈಗ ಬೆಲ್ಲ, ಶುಂಠಿ, ಏಲಕ್ಕಿ ಎಂಬ ಮರಿಗಳಿಗೆ ಹೊಸ ಮನೆ ಹುಡುಕುವ ಕೆಲಸ. ಅದಕ್ಕೂ ಮೊದಲು, ಕಚ್ಚದಿರಲು ಕಲಿಸುವ ಕೆಲಸ.

ಕೆಳಗಿನ ವಾಚ್‌ಮನ್ ಪಾಲಿಗೆ ಇವೆಲ್ಲ ಮುಂಗುಸಿ. ನೋಡಿದರೆ ಹಾಗನ್ನಿಸುವುದು ಸಹಜ. ಆದರೆ ಮುಂಗುಸಿ ವಂಶವೃಕ್ಷದಲ್ಲಿ ಬೆಕ್ಕಿನ ಕಡೆಯದು, ಫೆರೆಟ್ ನಾಯಿಯ ಕಡೆಯದು. ಇಲ್ಲಿನ ಹಿನ್ನೀರಿನ ನೀರುನಾಯಿ, ಪಶ್ಚಿಮ ಘಟ್ಟದ ನೀಲಗಿರಿ ಮಾರ್ಟೆನ್ ಇದರ ಖಾಸಾ ಬಂಧುಗಳು. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಮೊಲದ ಬಿಲಕ್ಕೆ ನುಗ್ಗಿಸಲೆಂದು ಎರಡು ಸಾವಿರ ವರ್ಷಗಳ ಹಿಂದೆಯೇ ಪಳಗಿಸಿದ್ದರ ಫಲ ಇದು. ಮೊಲದ ಕಾಟ ತಡೆಯಲಾಗದೆ ಬಾಲಿಯಾರಿಕ್ ದ್ವೀಪದವರು ರೋಮಿನ ಚಕ್ರವರ್ತಿ ಅಗಸ್ಟಸ್‌ನ ಬಳಿ ಸೈನ್ಯವನ್ನೇ ಬೇಡಿದರೆಂದು ಪ್ಲಿನಿ ಬರೆದಿದ್ದಾನೆ.

ಕಚ್ಚುವ ಮಾತು ಬಂದಾಗ ಇಂಗ್ಲೆಂಡಿನ ಯಾರ್ಕ್‌ಷೈರನ್ನು ಬಿಟ್ಟು ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಅಲ್ಲಿನ ಗಣಿ ಕಾರ್ಮಿಕರದೊಂದು ಪಂದ್ಯವಿತ್ತು. ಪ್ಯಾಂಟಿನ ಕಾಲುಗಳನ್ನು ಗಿಣ್ಣಿನ ಬಳಿ ಬಿಗಿಯಾಗಿ ಕಟ್ಟಿ, ಒಳಗೆ ಎರಡು ಜೀವಂತ ಫೆರೆಟ್ ಬಿಟ್ಟು, ಸೊಂಟಪಟ್ಟಿ ಬಿಗಿದು ನಿಲ್ಲುವುದು. ಒಳಚಡ್ಡಿ ಹಾಕುವಂತಿಲ್ಲ. ಫೆರೆಟ್‌ಗೆ ಹಲ್ಲು ಪೂರ್ತಿ ಇರಬೇಕು. ಮನುಷ್ಯನಾಗಲಿ ಪ್ರಾಣಿಯಾಗಲಿ ಅಮಲಿನಲ್ಲಿರಬಾರದು. ರೆಗ್ ಮೆಲ್ಲರ್ ಎಂಬಾತ 1981ರಲ್ಲಿ 5 ಗಂಟೆ 26 ನಿಮಿಷ ಹೀಗೆ ನಿಂತು ದಾಖಲೆ ಮಾಡಿದ. ರಕ್ತ ಎದ್ದು ಕಾಣಲೆಂದು ಬಿಳಿ ಪ್ಯಾಂಟು ತೊಡುವ ಪದ್ಧತಿಯೂ ಅವನದೇ. ಇದನ್ನು ಕ್ರೀಡೆ ಎನ್ನಲು ನಾನು ಸಿದ್ಧನಿಲ್ಲ. ಕತ್ತಲೆಯಲ್ಲಿ ಸಿಕ್ಕಿಬಿದ್ದ ಪ್ರಾಣಿಯ ಗಾಬರಿಯನ್ನು ಯಾರೂ ಲೆಕ್ಕಕ್ಕೆ ಇಟ್ಟಂತಿಲ್ಲ. ಆದರೂ ಐದು ಗಂಟೆ ಆ ಮನುಷ್ಯ ಏನು ಯೋಚಿಸುತ್ತಿದ್ದಿರಬಹುದು ಎಂಬ ಕುತೂಹಲ ನನ್ನನ್ನು ಬಿಟ್ಟಿಲ್ಲ.

ಕಲೂರಿನ ಮರಿಗಳದು ಗಾಬರಿಯಲ್ಲ, ಆಟ. ಬೆನ್ನು ಬಿಲ್ಲಿನಂತೆ ಬಾಗಿಸಿ, ಅಡ್ಡಡ್ಡ ಜಿಗಿದು, ‘ಡುಕ್ ಡುಕ್’ ಎಂದು ಗೊಣಗುತ್ತ ಬಂದು ಕಾಲ್ಬೆರಳಿಗೆ ಬಾಯಿ ಹಾಕುತ್ತವೆ. ಒಡಹುಟ್ಟಿದವುಗಳ ಚರ್ಮ ದಪ್ಪ, ಎಷ್ಟು ಕಚ್ಚಿದರೂ ನಡೆಯುತ್ತದೆ. ನಮ್ಮ ಚರ್ಮ ಅಷ್ಟು ತಡೆಯದೆಂದು ಮರಿಗೆ ಹುಟ್ಟಿನಿಂದ ಗೊತ್ತಿರುವುದಿಲ್ಲ. ಕೈ ಹಿಂದಕ್ಕೆಳೆದರೆ ಓಡುವ ಬೇಟೆ ಸಿಕ್ಕಿತೆಂದು ಇನ್ನೂ ಬಿಗಿ ಹಿಡಿಯುತ್ತದೆ. ಹೊಡೆದರೆ ಕೈ ಎಂದರೆ ಶತ್ರು ಎಂದು ಕಲಿಯುತ್ತದೆ. ಕೂಡಲೇ ಕೆಳಗೆ ಬಿಟ್ಟರೆ, ಕಚ್ಚಿದರೆ ಬಿಡುಗಡೆ ಎಂಬ ಪಾಠ. ಆದ್ದರಿಂದ ಆಕೆ ಕಚ್ಚಿದ ಮರಿಯನ್ನು ಶಾಂತವಾಗುವವರೆಗೆ ಹಿಡಿದುಕೊಳ್ಳುತ್ತಾರೆ. ಮತ್ತೆ ಕಚ್ಚಿದರೆ ಖಾಲಿ ಬಕೆಟ್ಟಿನಲ್ಲಿ ಎರಡು ಮೂರು ನಿಮಿಷ ಒಂಟಿವಾಸ. ಗೂಡಿಗೆ ಹಾಕುವುದಿಲ್ಲ, ಗೂಡು ನಿದ್ದೆಯ ಜಾಗ, ಶಿಕ್ಷೆಯದಲ್ಲ. ಕಚ್ಚದೆ ಕೈ ನೆಕ್ಕಿದರೆ ಚಮಚದಲ್ಲಿ ಮೊಟ್ಟೆಯ ಹಳದಿ. ಆಟಕ್ಕೆ ಕೈಯ ಬದಲು ಹಳೆಯ ಕಾಲುಚೀಲ.

ಒಂದು ನೋಟ್‌ಬುಕ್ ತೋರಿಸಿದರು. ಪ್ರತಿ ಮರಿಗೂ ಬೇರೆ ಬೇರೆ ಪುಟ. ‘ಶುಂಠಿ: ಬಲಗೈ, ಮತ್ತಿ ಮೀನು ಹೆಚ್ಚಿ ಕೈ ಸರಿಯಾಗಿ ತೊಳೆದಿರಲಿಲ್ಲ.’ ‘ಏಲಕ್ಕಿ: ಮಲಗಿದ್ದಾಗ ಹಿಂದಿನಿಂದ ಮುಟ್ಟಿದ್ದು.’ ಏಲಕ್ಕಿಯ ತಲೆಯ ಮೇಲೆ ಅಗಲ ಬಿಳಿ ಪಟ್ಟೆಯಿದೆ. ಇಂಥ ಫೆರೆಟ್‌ಗಳಲ್ಲಿ ಹುಟ್ಟುಗಿವುಡು ಹೆಚ್ಚು. ‘ಬೇಡ’ ಎಂದರೆ ಅದಕ್ಕೆ ಕೇಳಿಸದು. ಮುಖದೆದುರು ಬಂದು, ಕೈ ಮೂಸಲು ಕೊಟ್ಟು ಎತ್ತಿಕೊಳ್ಳಬೇಕು. ಮರಿಯ ಜೊತೆ ಆ ಪುಟದ ನಕಲೂ ಹೊಸ ಮನೆಗೆ ಹೋಗುತ್ತದೆ. ಹುಡುಗನ ಕುಡಿತ ಮುಚ್ಚಿಟ್ಟು ಮದುವೆ ಮಾಡಿದಂತೆ, ಕಚ್ಚುವುದನ್ನು ಮುಚ್ಚಿಟ್ಟು ಮರಿ ಕೊಟ್ಟರೆ ಅದು ವಾರದೊಳಗೆ ಮೂರನೇ ಮನೆಗೆ, ಅಲ್ಲಿಂದ ಬೀದಿಗೆ. ಕೈ ಬದಲಾದಂತೆಲ್ಲ ಭಯ ಹೆಚ್ಚುತ್ತದೆ, ಭಯ ಹೆಚ್ಚಿದಂತೆ ಹಲ್ಲು ಇನ್ನೂ ಆಳಕ್ಕೆ ಇಳಿಯುತ್ತದೆ.

ಕೇಳಿಕೊಂಡು ಬಂದವರಿಗೆ ಮೊದಲ ಪ್ರಶ್ನೆ: ಎಸಿ ಇದೆಯಾ, ಕರೆಂಟು ಹೋದರೆ ಏನು ಮಾಡ್ತೀರಿ? ಫೆರೆಟ್ ಬೆವರಿ ಮೈ ತಂಪು ಮಾಡಿಕೊಳ್ಳಲಾರದು. 30 ಡಿಗ್ರಿ ದಾಟಿದರೆ ಶಾಖಾಘಾತದ ಅಪಾಯ, ಕೊಚ್ಚಿಯಲ್ಲೋ ಅದು ದಿನನಿತ್ಯದ ಮಾತು. ಎರಡನೆಯದು, ಮನೆಯಲ್ಲಿ ಮಾಂಸ ತರುತ್ತೀರಾ? ಅನ್ನ ಸಾರು ತಿಂದು ಬದುಕುವ ಪ್ರಾಣಿ ಇದಲ್ಲ. ಮೂರನೆಯದು, ಫೆರೆಟ್ ನೋಡಬಲ್ಲ ವೈದ್ಯರು ಗೊತ್ತಾ? ನಾಯಿಗಳ ಡಿಸ್ಟೆಂಪರ್ ತಗುಲಿದರೆ ಇವು ಉಳಿಯುವುದೇ ಇಲ್ಲ ಎನ್ನಬಹುದು. ನಮ್ಮ ಫ್ಲೂ ಕೂಡ ಅಂಟುತ್ತದೆ. ಇನ್‌ಫ್ಲುಯೆಂಜಾಕ್ಕೆ ವೈರಸ್ ಕಾರಣವೆಂದು 1933ರಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟದ್ದೇ ಫೆರೆಟ್‌ಗಳ ಮೂಲಕ. ಇನ್ನು ಕಚ್ಚಿಸಿಕೊಂಡವರು ಸಾಕಿದ್ದೇ ತಾನೆ ಎಂದು ಸುಮ್ಮನಿರುವಂತಿಲ್ಲ. ಗಾಯವನ್ನು ಸೋಪುನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು.

ಸಾಕಲಾಗದವರಿಗೆ ಹೊಳೆಯುವ ಸುಲಭದ ದಾರಿ, ಎಲ್ಲಾದರೂ ಹಸಿರಿರುವಲ್ಲಿ ಬಿಟ್ಟುಬರುವುದು. ಇದೇ ಊರಿನ ಹೈಕೋರ್ಟಿನ ಹಿಂದೆ ಮಂಗಳವನ ಪಕ್ಷಿಧಾಮವಿದೆ. ಅಂಥ ಕಡೆ ಬಿಟ್ಟ ಫೆರೆಟ್ ಹಸಿವಿನಿಂದ ಸಾಯುತ್ತದೆ, ಇಲ್ಲವೇ ಗೂಡಿನ ಹಕ್ಕಿಮರಿಗಳನ್ನು ಮುಗಿಸುತ್ತದೆ. ಮೊಲ ಹಿಡಿಯಲೆಂದು 1880ರ ದಶಕದಲ್ಲಿ ಫೆರೆಟ್ ಬಿಟ್ಟ ನ್ಯೂಜಿಲೆಂಡ್ ತನ್ನ ನೆಲದ ಹಕ್ಕಿಗಳನ್ನು ಕಳೆದುಕೊಂಡು, ಕೊನೆಗೆ 2002ರಲ್ಲಿ ಇವುಗಳ ಮಾರಾಟ, ಸಂತಾನಾಭಿವೃದ್ಧಿ ಎರಡನ್ನೂ ನಿಷೇಧಿಸಿತು. ನಮ್ಮಲ್ಲಿ ಪ್ರಾಣಿಯನ್ನು ಹಸಿವು ನೀರಡಿಕೆಗೆ ತಳ್ಳಿ ಬಿಟ್ಟುಹೋಗುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ನನ್ನನ್ನು ಕೇಳಿದರೆ ಈ ಸೆಕೆಯ ಊರಿಗೆ ಫೆರೆಟ್ ಬರಲೇಬಾರದಿತ್ತು. ಬಂದಾಗಿದೆ, ಹೊಸದಾಗಿ ಯಾರೂ ತರದಿದ್ದರೆ ಸಾಕು. ಕಲೂರಿನವರು ತಾಯಿಗೆ ಸಂತಾನಹರಣ ಮಾಡಿಸಲು ದಿನ ಗೊತ್ತುಮಾಡಿದ್ದಾರೆ. ಮರಿಗಳಿಗೆ ದುಡ್ಡು ಕೇಳುವುದಿಲ್ಲ. ಸಾಕಲಾಗದಿದ್ದರೆ ತಮಗೇ ತಂದುಕೊಡುತ್ತೇವೆಂಬ ಮಾತು ಮಾತ್ರ ಕೇಳುತ್ತಾರೆ. ಆ ಮಾತಿಗೆ ತಡವರಿಸಿದವರಿಗೆ ಚಹಾ ಕೊಟ್ಟು ಕಳಿಸಿದ್ದಾರೆ, ಮರಿ ಕೊಟ್ಟಿಲ್ಲ.