ನರಹುಲಿಯ ವೈರಸ್ಸುಗಳೂ ಗರ್ಭಕೋಶದ ಕೊರಳೂ

ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಂಥ ಮಲೆನಾಡಿನ ಊರುಗಳಲ್ಲಿ ವೈರಸ್ ಎಂದೊಡನೆ ನೆನಪಿಗೆ ಬರುವುದು ಮಂಗನ ಕಾಯಿಲೆ. ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲ್ಪಟ್ಟ ಆ ರೋಗವು ಉಣ್ಣಿಯ ಕಡಿತದಿಂದ ತಗುಲಿ, ಕೆಲವೇ ದಿನಗಳಲ್ಲಿ ಜ್ವರ ತಲೆನೋವುಗಳ ಮೂಲಕ ತನ್ನ ಬರವನ್ನು ಸಾರುತ್ತದೆ. ಆದರೆ ಎಲ್ಲ ವೈರಸ್ಸುಗಳೂ ಹೀಗೆ ಡಂಗುರ ಹೊಡೆದುಕೊಂಡು ಬರುವುದಿಲ್ಲ. ದೇಹವನ್ನು ಹೊಕ್ಕು, ಹದಿನೈದು ಇಪ್ಪತ್ತು ವರ್ಷ ಸದ್ದಿಲ್ಲದೆ ಕುಳಿತು, ಕಡೆಗೆ ಏಡಿಗಂತಿಯನ್ನು, ಎಂದರೆ ಕ್ಯಾನ್ಸರನ್ನು, ಉಂಟುಮಾಡುವ ವೈರಸ್ಸೂ ಉಂಟು. ಅದೇ ಹ್ಯೂಮನ್ ಪ್ಯಾಪಿಲೋಮಾ ವೈರಸ್.

ಈ ವೈರಸ್ಸಿನ ಕಣವು ಅತಿ ಸೂಕ್ಷ್ಮವಾದುದು. ಸುಮಾರು 18 ಸಾವಿರ ಕಣಗಳನ್ನು ಸಾಲಾಗಿ ಜೋಡಿಸಿದರೆ ಒಂದು ಮಿಲಿಮೀಟರ್ ಉದ್ದವಾದೀತು. ಇದು ಒಂದೇ ಬಗೆಯದಲ್ಲ. ಇನ್ನೂರಕ್ಕೂ ಮಿಕ್ಕ ಬಗೆಗಳುಳ್ಳ ದೊಡ್ಡ ಕುಲ. ಈ ಬಗೆಗಳಿಗೆ ಅಂಕೆಗಳೇ ಹೆಸರು. ಶಾಲೆಯ ಮಕ್ಕಳ ಕೈಕಾಲುಗಳ ಮೇಲೆ ಏಳುವ ನರಹುಲಿಗಳಿಗೆ 1, 2 ಮೊದಲಾದ ಬಗೆಗಳು ಕಾರಣ. ಜನನಾಂಗದ ನರಹುಲಿಗಳಲ್ಲಿ ಹೆಚ್ಚಿನವು 6 ಮತ್ತು 11ರಿಂದ ಬರುವುವು. ಇವು ಉಪದ್ರವಕಾರಿಗಳೇ ಹೊರತು ಪ್ರಾಣಾಪಾಯ ತರುವಂಥವಲ್ಲ. ಇವುಗಳಿಂದ ಬೇರೆಯಾದ ಸುಮಾರು ಹನ್ನೆರಡು ಬಗೆಗಳು ಮಾತ್ರ ಗರ್ಭಕೋಶದ ಕೊರಳಿನ ಕ್ಯಾನ್ಸರಿಗೆ ಮೂಲವಾಗಬಲ್ಲವು. ಅವುಗಳಲ್ಲಿ ಪ್ರಧಾನವಾದುವು 16 ಮತ್ತು 18. ಜಗತ್ತಿನ ಇಂಥ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಇವೆರಡೇ ಕಾರಣ. ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್ ಅವರ ಬಳಗವು 16ನ್ನು 1983ರಲ್ಲಿಯೂ 18ನ್ನು ಮರುವರ್ಷವೂ ಪತ್ತೆಮಾಡಿತು. ಇದಕ್ಕಾಗಿ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈ ಅಪಾಯಕಾರಿ ಬಗೆಗಳು ಸ್ತ್ರೀಪುರುಷರ ದೇಹಸಂಪರ್ಕದಿಂದ ಹರಡುವುವು. ಸೋಂಕು ಎಷ್ಟು ಸಾಮಾನ್ಯವೆಂದರೆ, ಬಹುಪಾಲು ಜನರಿಗೆ ಬಾಳಿನಲ್ಲಿ ಒಮ್ಮೆಯಾದರೂ ಅದು ತಗುಲುತ್ತದೆ. ಆದುದರಿಂದ ಸೋಂಕು ಕಂಡುಬಂದುದನ್ನು ನಡತೆಯ ಕುಂದೆಂದು ಎಣಿಸುವುದು ಅಜ್ಞಾನ. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ದೇಹವೇ ಒಂದೆರಡು ವರ್ಷಗಳಲ್ಲಿ ಹೊರದೂಡುತ್ತದೆ. ಉಳಿದುಕೊಂಡುದೇ ಗಂಡಾಂತರಕಾರಿ. ಜೀವಕೋಶವು ಮಿತಿಮೀರಿ ಒಡೆಯದಂತೆ ತಡೆಯುವ ಎರಡು ಕಾವಲು ಪ್ರೋಟೀನುಗಳನ್ನು ವೈರಸ್ಸಿನ ಪ್ರೋಟೀನುಗಳು ನಿಷ್ಕ್ರಿಯಗೊಳಿಸುವುವು. ಕಾವಲು ತಪ್ಪಿದ ಕೋಶಗಳು ಮೆಲ್ಲಗೆ ವಿಕಾರಗೊಳ್ಳುತ್ತವೆ. ಈ ನಿಧಾನವೇ ನಮಗೆ ದೊರೆತ ಅವಕಾಶ. ಕ್ಯಾನ್ಸರಾಗುವ ಮುನ್ನವೇ ಅವನ್ನು ಕಂಡುಹಿಡಿದು ತೆಗೆದುಹಾಕಬಹುದು.

ಇದನ್ನು ಸಂಶಯಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟ ಪ್ರಯೋಗವೊಂದು ನಮ್ಮ ನೆರೆಯಲ್ಲಿಯೇ ನಡೆಯಿತು. ಬೀದರ್, ಕಲಬುರಗಿಗಳಿಗೆ ತಾಗಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ (ಈಗಿನ ಧಾರಾಶಿವ) 1999ರಲ್ಲಿ ಆರಂಭವಾದ ಇದರಲ್ಲಿ 30ರಿಂದ 59 ವಯಸ್ಸಿನ 1,31,746 ಮಂದಿ ಹಳ್ಳಿಯ ಸ್ತ್ರೀಯರನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಯಿತು. ಮೂರು ಗುಂಪುಗಳಿಗೆ ಮೂರು ಬೇರೆ ಬೇರೆ ಪರೀಕ್ಷೆಗಳು. ನಾಲ್ಕನೆಯದಕ್ಕೆ ವಿಶೇಷ ಪರೀಕ್ಷೆಯಿಲ್ಲ. ವೈರಸ್ಸನ್ನೇ ಹುಡುಕುವ ಪರೀಕ್ಷೆಗೆ ಒಳಗಾದವರಲ್ಲಿ ನೂರಕ್ಕೆ ಹತ್ತರಷ್ಟು ಮಂದಿಯಲ್ಲಿ ಅದು ಕಂಡುಬಂದಿತು. 2009ರಲ್ಲಿ ಫಲಿತಾಂಶ ಪ್ರಕಟವಾದಾಗ ತಿಳಿದುಬಂದುದಿಷ್ಟು: ವೈರಸ್ ಪರೀಕ್ಷೆಗೆ ಗೊತ್ತುಮಾಡಿದ 34,126 ಸ್ತ್ರೀಯರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು 34, ಪರೀಕ್ಷೆಯಿಲ್ಲದ 31,488 ಮಂದಿಯಲ್ಲಿ ಸತ್ತವರು 64. ಒಂದೇ ಒಂದು ಬಾರಿಯ ಪರೀಕ್ಷೆಯಿಂದ ಸಾವು ಅರ್ಧಕ್ಕೆ ಇಳಿಯಿತೆನ್ನಬಹುದು. ಪರೀಕ್ಷೆಯಿಲ್ಲದ ಗುಂಪೊಂದನ್ನು ಇಟ್ಟುಕೊಂಡುದು ನ್ಯಾಯವೇ ಎಂಬ ಪ್ರಶ್ನೆಯೂ ಅನಂತರ ಎದ್ದಿತು. ಆ 64 ಮಂದಿಯನ್ನು ನೆನೆದರೆ ಪ್ರಶ್ನೆ ಸುಲಭವಾದುದಲ್ಲ.

ಭಾರತದಲ್ಲಿ 2022ರಲ್ಲಿ ಸುಮಾರು 1,27,000 ಸ್ತ್ರೀಯರಿಗೆ ಈ ರೋಗ ಹೊಸದಾಗಿ ಬಂದಿತೆಂದೂ ಸುಮಾರು 80,000 ಮಂದಿ ಸತ್ತರೆಂದೂ ಅಂದಾಜು. ಇದನ್ನು ತಡೆಯಲು ಎರಡು ಸಾಧನಗಳಿವೆ. ಮೊದಲನೆಯದು ಲಸಿಕೆ. ಇದರಲ್ಲಿರುವುದು ವೈರಸ್ಸಿನ ಹೊರಕವಚದ ಪ್ರೋಟೀನು ಮಾತ್ರ. ಒಳಗೆ ತಿರುಳಿಲ್ಲ, ಆದುದರಿಂದ ಸೋಂಕು ತಗುಲಿಸಲಾರದು. 9ರಿಂದ 14 ವಯಸ್ಸಿನೊಳಗೆ, ಸೋಂಕು ತಗುಲುವ ಮೊದಲೇ ಕೊಟ್ಟರೆ ಫಲ ಹೆಚ್ಚು. ಎರಡನೆಯದು ಪರೀಕ್ಷೆ. ಲಸಿಕೆಯು ಎಲ್ಲ ಬಗೆಗಳನ್ನೂ ತಡೆಯದು. ಈಗಾಗಲೇ ನೆಲಸಿದ ಸೋಂಕನ್ನು ಕಳೆಯದು. ಆದುದರಿಂದ ಮೂವತ್ತು ದಾಟಿದ ಸ್ತ್ರೀಯರಿಗೆ ಪರೀಕ್ಷೆ ಬೇಕೇ ಬೇಕು. ಮಾದರಿಯನ್ನು ತಾವೇ ತೆಗೆದು ಕೊಡುವ ವಿಧಾನವೂ ಈಗ ಉಂಟು. ಸಿರಸಿ, ಯಲ್ಲಾಪುರಗಳಂತೆ ತೋಟಕ್ಕೊಂದು ಮನೆಯಿರುವ, ಆಸ್ಪತ್ರೆ ದೂರವಾಗಿರುವ, ಸಂಕೋಚ ಇನ್ನೂ ದೂರವಾಗದಿರುವ ಸೀಮೆಗೆ ಇದು ತಕ್ಕುದು.

ನೋವಿಲ್ಲದಿರುವಾಗ ಪರೀಕ್ಷೆಯೇಕೆ ಎಂದು ಮನೆಯ ತಾಯಂದಿರು ಕೇಳುವುದು ಸಹಜ. ನೋವು ಕಾಣಿಸಿಕೊಳ್ಳುವ ವೇಳೆಗೆ ರೋಗವು ಬಹುದೂರ ಸಾಗಿರುತ್ತದೆ ಎಂಬ ಉತ್ತರವನ್ನು ಅವರಿಗೆ ಮುಟ್ಟಿಸುವ ಕೆಲಸ ಓದುಬಲ್ಲ ವಿದ್ಯಾರ್ಥಿಗಳದು.