ಕೇರಲು ಬಾರದ ಮೊರ

ಗೌರಿ ಹಬ್ಬಕ್ಕೆ ಇನ್ನು ವಾರವಿದೆ ಎನ್ನುವಾಗ ಬೆಂಗಳೂರಿನ ಜಯನಗರ ನಾಲ್ಕನೇ ಬ್ಲಾಕ್‌ ಮಾರ್ಕೆಟ್ಟಿನ ಸುತ್ತ, ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ, ಬನಶಂಕರಿ, ಜೆ.ಪಿ. ನಗರದ ಸರ್ಕಲ್ಲುಗಳಲ್ಲಿ ಮೊರಗಳು ಬಂದು ಕೂರುತ್ತವೆ. ಅರಿಶಿನ ಬಳಿದವು, ಬಣ್ಣ ಹಚ್ಚಿದವು, ಈಚೀಚೆಗೆ ಜರಿ ಅಂಚು ಅಂಟಿಸಿದವು. ಮಾರುವುದು ಜೋಡಿ ಲೆಕ್ಕದಲ್ಲಿ: ಒಂದಕ್ಕೆ ಬಾಗಿನದ ಸಾಮಾನು, ಇನ್ನೊಂದು ಅದರ ಮೇಲೆ ಮುಚ್ಚಳ. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ಕನ್ನಡಿ, ರವಿಕೆ ಕಣ ತುಂಬಿ, ಸೆರಗು ಹಿಡಿದು ಮುತ್ತೈದೆಯ ಕೈಗೆ ದಾಟಿಸಿದರೆ ಮೊರದ ಕೆಲಸ ಮುಗಿಯಿತು. ಆಮೇಲೆ ಅದೇ ಮೊರಕ್ಕೆ ಅರ್ಧ ಸೇರು ಅಕ್ಕಿ ಸುರಿದು ಕೇರಲು ಹೋಗಿ ನೋಡಿ. ಹೆಚ್ಚಿನವು ನಾಲ್ಕು ಏಟಿಗೆ ಸೊಟ್ಟಗಾಗುತ್ತವೆ, ನುಚ್ಚು ಸಂದಿಯಲ್ಲಿ ಸೋರುತ್ತದೆ, ಅಂಚಿನ ಕಟ್ಟು ಬಿಚ್ಚಿಕೊಳ್ಳುತ್ತದೆ. ಮೊರದ ಆಕಾರವಿದೆ, ಮೊರದ ಕಸುವಿಲ್ಲ.

ಹೆಣೆದವರ ಕೈ ಕೆಟ್ಟಿದೆ ಎಂದು ತೀರ್ಪು ಕೊಡುವುದು ಸುಲಭ. ನನಗೆ ಹಾಗೆ ಅನ್ನಿಸುವುದಿಲ್ಲ. ಬುಟ್ಟಿಯಾಗಲಿ ಮೊರವಾಗಲಿ, ಅದರ ಹಣೆಬರಹ ನಿರ್ಧಾರವಾಗುವುದು ಹೆಣಿಗೆಗೆ ಕೂರುವ ಮೊದಲೇ, ಬಿದಿರು ಕಡಿಯುವಾಗಲೇ. ಬಿದಿರಿನ ಗಳ ನೆಲದಿಂದ ಮೇಲೆದ್ದು ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರ ಮುಟ್ಟುತ್ತದೆ. ಆದರೆ ಬಲಿಯಲು ಮೂರ್ನಾಲ್ಕು ವರ್ಷ ಬೇಕು. ತೀರಾ ಎಳೆಯದನ್ನು ಸೀಳಿದರೆ ಒಣಗಿ ಮುರುಟುತ್ತದೆ. ತೀರಾ ಬಲಿತದ್ದು ಏಣಿಗೆ, ಚಪ್ಪರಕ್ಕೆ ಸರಿ, ಹೆಣೆಯಲು ಬಾಗದೆ ಸಿಡಿಯುತ್ತದೆ. ಇವೆರಡರ ನಡುವಿನದು ಬೇಕು. ಅದನ್ನೂ ಮಳೆಗಾಲ ಕಳೆದ ಮೇಲೆ, ಗಳದಲ್ಲಿ ಪಿಷ್ಟ ಕಡಿಮೆಯಿರುವಾಗ ಕಡಿಯಬೇಕು; ಇಲ್ಲವಾದರೆ ವರ್ಷದೊಳಗೆ ಹುಳು ಕೊರೆದು ಪುಡಿ ಉದುರುತ್ತದೆ. ಕಡಿದು ತಂದ ಹಸಿ ಗಳವನ್ನು ಗಿಣ್ಣು ನೋಡಿಕೊಂಡು ಸೀಳಬೇಕು, ಸೀಳನ್ನು ಮತ್ತೆ ಪದರ ಪದರವಾಗಿ ಬಿಡಿಸಬೇಕು. ಹೊರಗಿನ ಹಸಿರು ಸಿಪ್ಪೆಯ ಪದರ ಗಟ್ಟಿ, ಒಳಗಿನ ಬೆಂಡು ಪೊಳ್ಳು. ಒಳ್ಳೆಯ ಮೊರಕ್ಕೆ ಸಿಪ್ಪೆಯ ಪದರ. ಹಬ್ಬದ ಮೊರಕ್ಕೆ ಒಳಗಿನ ಪದರವೂ ನಡೆಯುತ್ತದೆ, ಹೇಗೂ ಅರಿಶಿನ ಬಳಿದರೆ ಯಾವ ಪದರ ಎಂದು ಕಾಣುವುದಿಲ್ಲ. ದುಬಾರಿ ಬಿದಿರನ್ನು ಮಂಡಿಯಲ್ಲಿ ಕೊಂಡು, ಜೋಡಿಯೊಂದಕ್ಕೆ ಚೌಕಾಸಿ ಮಾಡುವ ಗಿರಾಕಿಗೆ ಮಾರುವವರು ಒಳಪದರ ಎಸೆಯಲಿ ಎಂದು ನಾವು ಹೇಗೆ ನಿರೀಕ್ಷಿಸುವುದು?

ಕೇರುವ ಕಾಲದ ಮೊರಕ್ಕೆ ಮನೆಯಲ್ಲೂ ಒಂದು ಸಂಸ್ಕಾರವಿತ್ತು. ಹೊಸ ಮೊರ ತಂದರೆ ನೆನೆಸಿದ ಕಾಗದ, ಮೆಂತ್ಯ ಅರೆದು ಕಲಸಿ ಮೈಗೆ ಮೆತ್ತುತ್ತಿದ್ದರು. ಹಳ್ಳಿಗಳಲ್ಲಿ ಸಗಣಿ ಸಾರಿಸುತ್ತಿದ್ದರು. ಸಂದಿ ಮುಚ್ಚಿ, ಮೈ ಬಿಗಿಯಾಗಿ, ಮೊರ ವರ್ಷಗಟ್ಟಲೆ ಬಾಳುತ್ತಿತ್ತು.

ಈ ಕಸುಬಿನವರು ಮೇದರು. ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಮೇದ, ಮೇದಾರಿ, ಗೌರಿಗ, ಬುರುಡ ಎಂಬ ಹೆಸರುಗಳು ಒಟ್ಟಿಗಿವೆ. ಹನ್ನೆರಡನೇ ಶತಮಾನದ ಶರಣ ಮೇದರ ಕೇತಯ್ಯ ಗವರೇಶ್ವರ ಎಂಬ ಅಂಕಿತದಲ್ಲಿ ವಚನ ಬರೆದವನು. ಬಿದಿರು ತರಲು ಕಾಡಿಗೆ ಹೋದವನು ಬಿದಿರಿನಿಂದಲೇ ಗಾಯಗೊಂಡು ಪ್ರಾಣ ಬಿಟ್ಟನೆಂದೂ, ಬಸವಣ್ಣ ಅವನಿಗಾಗಿ ತನ್ನ ಪ್ರಾಣವನ್ನೇ ಒಡ್ಡಿದನೆಂದೂ ಕಥೆಯಿದೆ. ಅವನ ಕಥೆಯ ತಿರುವು ಇರುವುದು ಹೆಣೆಯುವ ಜಗಲಿಯಲ್ಲಿ ಅಲ್ಲ, ಕಡಿಯುವ ಕಾಡಿನಲ್ಲಿ. ಬುಟ್ಟಿ, ಮಂಕರಿ, ಕುಕ್ಕೆ, ಗೆರಸಿ, ತಟ್ಟಿ, ತೊಟ್ಟಿಲು, ಬೀಸಣಿಗೆ, ಕಾಳು ತುಂಬುವ ಕಣಜ, ಕೊನೆಗೆ ಚಟ್ಟದ ಬಿದಿರು: ಹುಟ್ಟಿದ ಕೂಸನ್ನು ಮಲಗಿಸುವಲ್ಲಿಂದ ಹಿಡಿದು ಊರಿಗೆ ಬೇಕಾದದ್ದೆಲ್ಲ ಮೇದರ ಕೇರಿಯಿಂದ ಬರುತ್ತಿತ್ತು. ಬೆಂಗಳೂರಿನ ದಕ್ಷಿಣ ಭಾಗಕ್ಕೆ ಈಗ ಉಳಿದಿರುವುದು ಗೌರಿಯ ಮೊರ, ಹೂವಿನವರ ಬುಟ್ಟಿ, ಬಾಲ್ಕನಿಗೆ ಇಳಿಬಿಡುವ ಬಿದಿರಿನ ಪರದೆ.

ಮೇದರಿಗೆ ಕಾಡು ಕೈತಪ್ಪಿದ್ದು ಹೇಗೆ ಎಂಬುದಕ್ಕೆ ಒಂದು ವಿಚಿತ್ರ ಕಾನೂನಿನ ಕಥೆಯಿದೆ. ಸಸ್ಯಶಾಸ್ತ್ರದ ಪ್ರಕಾರ ಬಿದಿರು ಹುಲ್ಲು. 1927ರ ಭಾರತೀಯ ಅರಣ್ಯ ಕಾಯ್ದೆಯ ಪ್ರಕಾರ ಅದು ಮರ. ತೊಂಬತ್ತು ವರ್ಷ ಹಾಗೇ ಇತ್ತು. 2006ರ ಅರಣ್ಯ ಹಕ್ಕು ಕಾಯ್ದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನ ಎಂದು ಕರೆಯಿತು. 2017ರ ಕೊನೆಗೆ ತಿದ್ದುಪಡಿಯಾಗಿ ‘ಮರ’ ಎಂಬ ವ್ಯಾಖ್ಯೆಯಿಂದಲೇ ಬಿದಿರನ್ನು ಕೈಬಿಟ್ಟರು. ರೈತ ತನ್ನ ಹೊಲದ ಬದುವಿನ ಬಿದಿರನ್ನು ಕಡಿದು ಸಾಗಿಸಲು ಎದುರಿದ್ದ ದೊಡ್ಡ ತೊಡಕು ತೊಲಗಿದ್ದು ಆಗ.

ಅದಕ್ಕಿಂತ ಕಹಿಯಾದದ್ದು ಕಾಗದದ ಕಥೆ. ಐವತ್ತರ ದಶಕದಲ್ಲಿ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂದಾಗ ಉತ್ತರ ಕನ್ನಡದ ಬಿದಿರು ಅದಕ್ಕೆ ಟನ್ನಿಗೆ ಒಂದೆರಡು ರೂಪಾಯಿಯ ದರದಲ್ಲಿ ಸಿಕ್ಕಿತು. ಅದೇ ಬಿದಿರಿಗೆ ಮೇದರು ಮಾರುಕಟ್ಟೆಯಲ್ಲಿ ತೆರುತ್ತಿದ್ದುದು ಅದರ ನೂರಾರು ಪಟ್ಟು. ಎಪ್ಪತ್ತರ ದಶಕದ ಮಧ್ಯದಲ್ಲಿ ಬುಟ್ಟಿಯವರ ದೂರು ರಾಜ್ಯದ ಆಗಿನ ಹಣಕಾಸು ಸಚಿವ ಎಂ.ವೈ. ಘೋರ್ಪಡೆಯವರನ್ನು ಮುಟ್ಟಿತು. ಸ್ವತಃ ವನ್ಯಜೀವಿ ಛಾಯಾಗ್ರಾಹಕರಾಗಿದ್ದ ಅವರು ವಿಷಯವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ಒಪ್ಪಿಸಿದರು. ಗಾಡ್ಗೀಳರು ಕಾಡು ಸುತ್ತಿದಾಗ ಕಂಡ ಒಂದು ಸಂಗತಿ ಇವತ್ತಿಗೂ ಪಾಠದಂತೆ ಉಲ್ಲೇಖವಾಗುತ್ತದೆ. ಮೆಳೆಯ ಬುಡದ ಮುಳ್ಳು ಸವರಿದರೆ ಬಿದಿರು ಸಲೀಸಾಗಿ ಬೆಳೆಯುತ್ತದೆ ಎಂದು ಅರಣ್ಯ ಇಲಾಖೆ ಮುಳ್ಳು ತೆಗೆಸುತ್ತಿತ್ತು. ಊರಿನವರು ಹೇಳಿದ್ದು ಬೇರೆ: ಆ ಮುಳ್ಳೇ ಬಿದಿರಿನ ಎಳೆಮೊಳಕೆಗೆ, ಅಂದರೆ ಕಳಲೆಗೆ, ಬೇಲಿ. ಮುಳ್ಳು ಹೋದರೆ ದನವೂ ಕಾಡುಪ್ರಾಣಿಯೂ ಮನುಷ್ಯರೂ ಕಳಲೆಯನ್ನು ಚಿಗುರಿನಲ್ಲೇ ಮುಗಿಸುತ್ತಾರೆ, ಮೆಳೆಯಲ್ಲಿ ಹೊಸ ಗಳ ಏಳುವುದಿಲ್ಲ. ಅಧ್ಯಯನದಲ್ಲಿ ಊರಿನವರ ಮಾತೇ ನಿಜವಾಯಿತು. (ಕಳಲೆ ಪಲ್ಯ ಪ್ರಿಯನಾದ ನಾನೂ ಆ ಪಟ್ಟಿಯಲ್ಲಿದ್ದೇನೆ ಎಂಬುದನ್ನು ಮರೆಯುವಂತಿಲ್ಲ.)

ಅರಣ್ಯ ಇಲಾಖೆ ಮೇದರಿಗೆ ರಿಯಾಯಿತಿ ದರದಲ್ಲಿ ಬಿದಿರು ಕೊಡುವ ವ್ಯವಸ್ಥೆ ಇದೆ. ಆದರೆ ಡಿಪೋದಲ್ಲಿ ಗಳ ಸಿಗುತ್ತದೆ, ಗಳದ ವಯಸ್ಸು ಸಿಗುವುದಿಲ್ಲ. ಅದರ ಮೇಲೆ ಬಿದಿರಿಗೆ ತನ್ನದೇ ಪಂಚಾಂಗವಿದೆ: ಹೆಬ್ಬಿದಿರು ನಲವತ್ತು-ಐವತ್ತು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು ಸಾಯುತ್ತದೆ. 2010ರ ಆಸುಪಾಸಿನಲ್ಲಿ ನಾಗರಹೊಳೆ, ಬಂಡೀಪುರ, ವಯನಾಡಿನ ಕಡೆ ಮೆಳೆಗೆ ಮೆಳೆಯೇ ಒಣಗಿತು. ಬೀಜ ಮೊಳೆತು ಮತ್ತೆ ಹೆಣೆಯುವಂಥ ಗಳವಾಗಲು ಹತ್ತು ವರ್ಷವಾದರೂ ಬೇಕು.

ಕಡಿಯುವ ಕಾಲ ಹೆಣೆಯುವವರ ಕೈಯಲ್ಲೇ ಇದ್ದರೆ ಏನಾಗುತ್ತದೆ ಎಂದು ತಿಳಿಯಲು ಈಗ ಜಪಾನಿನತ್ತ ನೋಡೋಣ. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಇಕೆಬಾನ ಜೋಡಣೆಗಳನ್ನು ನೋಡಿದವರಿಗೆ ಆ ನಾಡಿನವರು ಪಾತ್ರೆಯನ್ನೂ ಹೂವಿನಷ್ಟೇ ಗಂಭೀರವಾಗಿ ನೋಡುತ್ತಾರೆ ಎಂಬುದು ಗೊತ್ತಿರುತ್ತದೆ. ಅಲ್ಲಿ ಬಿದಿರಿನ ಜೊತೆಗೆ ತೊಗಟೆಯ ಬುಟ್ಟಿಗಳ ಪರಂಪರೆ ಒಂದಿದೆ. ಎಷ್ಟು ಹಳೆಯದೆಂದರೆ, ಉತ್ತರದ ಆಮೊರಿಯ ಸನ್ನೈ-ಮರುಯಾಮ ಎಂಬಲ್ಲಿ ಜೋಮೊನ್‌ ಎಂಬ ಪ್ರಾಗೈತಿಹಾಸಿಕ ಕಾಲದ ಊರನ್ನು ಅಗೆದಾಗ ಸೈಪ್ರಸ್‌ ಜಾತಿಯ ಮರದ ತೊಗಟೆಯಿಂದ ಹೆಣೆದ ಸಣ್ಣ ಚೀಲವೊಂದು ಸಿಕ್ಕಿತು. ಸುಮಾರು ಐದು ಸಾವಿರ ವರ್ಷ ಹಳೆಯದು. ಒಳಗೆ ಒಂದು ಅಕ್ರೋಟಿನ ಚಿಪ್ಪು ಇನ್ನೂ ಇತ್ತು.

ಇವತ್ತು ಈ ಕಸುಬಿಗೆ ಹೆಸರಾದದ್ದು ಫುಕುಶಿಮಾ ಪ್ರಾಂತ್ಯದ ಹಿಮದ ಬೆಟ್ಟಗಳ ನಡುವಿನ ಮಿಶಿಮಾ ಎಂಬ ಪುಟ್ಟ ಊರು. ಕಾಡುದ್ರಾಕ್ಷಿಯ ಬಳ್ಳಿಯ ತೊಗಟೆ, ಮತಾತಬಿ ಎಂಬ ಬಳ್ಳಿ, ಹಿರೊರೊ ಎಂಬ ಜೊಂಡಿನಂಥ ಹುಲ್ಲು: ಈ ಮೂರೇ ಮುಖ್ಯ ಸಾಮಗ್ರಿ. ಕಾಡುದ್ರಾಕ್ಷಿಯ ತೊಗಟೆ ಬಿಡಿಸಲು ಬರುವುದು ಜೂನ್‌ ಹೊತ್ತಿನ ಮಳೆಗಾಲದಲ್ಲಿ, ಬಳ್ಳಿಯಲ್ಲಿ ನೀರೇರಿರುವ ಕೆಲವೇ ವಾರಗಳಲ್ಲಿ. ಅಕ್ರೋಟ್‌ ಮರದ ತೊಗಟೆಗೂ ಹೆಚ್ಚುಕಡಿಮೆ ಅದೇ ಕಾಲ. ಆ ವಾರಗಳು ತಪ್ಪಿದರೆ ಮುಂದಿನ ವರ್ಷವೇ. ಮತಾತಬಿಯನ್ನು ಮಾತ್ರ ಚಳಿ ಬಿದ್ದ ಮೇಲೆ ಕಡಿಯುತ್ತಾರೆ. ಅದರಿಂದ ಹೆಣೆಯುವುದು ಅಕ್ಕಿ ತೊಳೆಯುವ ಬುಟ್ಟಿ. ತಂದ ತೊಗಟೆಯನ್ನು ಒಣಗಿಸಿಟ್ಟು, ಹಿಮ ಸುರಿದು ಹೊಲದ ಕೆಲಸ ನಿಂತ ಮೇಲೆ ಮತ್ತೆ ನೆನೆಸಿ, ಸಮ ಅಗಲಕ್ಕೆ ಕತ್ತರಿಸಿ, ಮರದ ಅಚ್ಚಿನ ಸುತ್ತ ಹೆಣೆಯುತ್ತಾರೆ. ಹೊಸತರಲ್ಲಿ ಒರಟಾಗಿರುವ ಬುಟ್ಟಿ ಕೈಯ ಜಿಡ್ಡು ಹತ್ತುತ್ತ ಕಪ್ಪಾಗಿ ಹೊಳೆಯುತ್ತದೆ. ಅಜ್ಜಿಯದನ್ನು ಮೊಮ್ಮಗಳು ಹಿಡಿಯುವುದುಂಟು. ಬೆಲೆ ಹತ್ತಾರು ಸಾವಿರ ಯೆನ್‌, ಒಳ್ಳೆಯವು ಲಕ್ಷ ದಾಟುತ್ತವೆ. 2003ರಲ್ಲಿ ಸರ್ಕಾರ ಇದಕ್ಕೆ ಸಾಂಪ್ರದಾಯಿಕ ಕಸುಬು ಎಂಬ ಅಧಿಕೃತ ಮಾನ್ಯತೆ ಕೊಟ್ಟಿತು.

ಹೆಣಿಗೆಯ ಜಾಣ್ಮೆಯಲ್ಲಿ ಮೇದರೇನೂ ಅವರಿಗೆ ಕಡಿಮೆಯಲ್ಲ. ಮಿಶಿಮಾದವರಿಗೆ ಇರುವ, ಮೇದರಿಗೆ ಇಲ್ಲದ ಒಂದು ವಸ್ತು ಎಂದರೆ ಬೆಟ್ಟ. ತೊಗಟೆ ಬಿಡಿಸುವ ವಾರ ಯಾವುದೆಂದು ಹೆಣೆಯುವವರೇ ತೀರ್ಮಾನಿಸುತ್ತಾರೆ.

ತೊಗಟೆಯ ಕಸುಬು ನಮಗೆ ಹೊಸದು ಎಂದುಕೊಳ್ಳಬೇಡಿ. ಪಶ್ಚಿಮ ಘಟ್ಟದಲ್ಲಿ ಅಜ್ಜನಪಟ್ಟೆ ಎಂಬ ಭಾರೀ ಮರವಿದೆ. ಇದರ ಹಾಲು ವಿಷ, ಬಾಣದ ಮೊನೆಗೆ ಸವರುವಂಥದ್ದು. ಆದರೆ ಒಳತೊಗಟೆ ನಾರಿನ ಬಟ್ಟೆ. ಹತ್ತೊಂಬತ್ತನೇ ಶತಮಾನದ ಸಸ್ಯಶಾಸ್ತ್ರಜ್ಞರು ಕೊಡಗು ಮತ್ತು ಘಟ್ಟದ ಕಡೆ ಕಂಡದ್ದನ್ನು ಬರೆದಿದ್ದಾರೆ: ಬೇಕಾದ ಉದ್ದಕ್ಕೆ ಕೊಂಬೆ ಕತ್ತರಿಸಿ, ನೆನೆಸಿ, ಕೊಡತಿಯಿಂದ ಬಡಿದು ಬಡಿದು ತೊಗಟೆ ಸಡಿಲವಾದ ಮೇಲೆ ಅದನ್ನು ಮೊಲದ ಚರ್ಮ ಸುಲಿಯುವ ಹಾಗೆ ಒಳಮೈ ಹೊರಗೆ ಮಾಡಿ ಎಳೆಯುತ್ತಿದ್ದರು, ತುದಿಯಲ್ಲಿ ಒಂದು ಬಿಲ್ಲೆ ಮರವನ್ನು ಬಿಟ್ಟು ಉಳಿದದ್ದನ್ನು ಕೊಯ್ದರೆ ಅದೇ ತಳ. ಹೊಲಿಗೆಯಿಲ್ಲದ ಅಕ್ಕಿಚೀಲ ಸಿದ್ಧ. ಗೋಣಿಚೀಲ ಅಗ್ಗವಾದ ಮೇಲೆ ಈ ವಿದ್ಯೆ ಯಾರಿಗೂ ಬೇಡವಾಯಿತು. ಒಂದು ಚೀಲಕ್ಕೆ ಒಂದು ಕೊಂಬೆ ಬಲಿ ಕೊಡುವ ಪದ್ಧತಿ ನಿಂತದ್ದಕ್ಕೆ ನಾನಂತೂ ಅಳುವುದಿಲ್ಲ.

ಈಗ ಜಯನಗರ, ಜೆ.ಪಿ. ನಗರದ ಕರಕುಶಲ ಅಂಗಡಿಗಳಲ್ಲಿ ‘ಬನಾನಾ ಬಾರ್ಕ್‌’ ಎಂದು ಚೀಟಿ ಅಂಟಿಸಿದ ಬುಟ್ಟಿಗಳು ಕಾಣುತ್ತವೆ. ಬಾಳೆಗೆ ತೊಗಟೆ ಎಲ್ಲಿಂದ ಬಂತು ಎಂದು ಸಸ್ಯಶಾಸ್ತ್ರದ ಮೇಷ್ಟರು ಕೇಳಿಯಾರು. ಅದು ದಿಂಡಿನ ಪಟ್ಟೆ. ಗೊನೆ ಕಡಿದ ಮೇಲೆ ದಿಂಡು ರೈತನಿಗೆ ಬೇಡದ ವಸ್ತು, ತೆಗೆಸಲು ಕೂಲಿ ಕೊಡಬೇಕು. ಅದರ ಪಟ್ಟೆ ಬಿಡಿಸಿ, ಒಣಗಿಸಿ, ಹುರಿ ಹೊಸೆದು ಹೆಣೆಯುತ್ತಾರೆ. ತುಂಗಭದ್ರೆಯ ದಡದ ಆನೆಗೊಂದಿಯಲ್ಲಿ 1997ರಲ್ಲಿ ಶುರುವಾದ ಕಿಷ್ಕಿಂದಾ ಟ್ರಸ್ಟ್‌ ಊರಿನ ಹೆಣ್ಣುಮಕ್ಕಳಿಗೆ ಈ ಕೆಲಸ ಕಲಿಸಿ, ಬಾಳೆ ನಾರಿನ ಚೀಲ, ಬುಟ್ಟಿ, ಚಾಪೆಗಳಿಗೆ ಹೆಸರು ತಂದಿತು. ಈ ಕಸುಬು ನೆಲೆನಿಂತದ್ದಕ್ಕೆ ವಿನ್ಯಾಸ ಕಾರಣ, ತರಬೇತಿ ಕಾರಣ ಎನ್ನುತ್ತಾರೆ. ಇರಬಹುದು. ನನ್ನ ಮಟ್ಟಿಗೆ ದೊಡ್ಡ ಕಾರಣ, ಬಾಳೆ ಪಟ್ಟೆಗೆ ಯಾರ ಪರವಾನಗಿಯೂ ಬೇಕಿಲ್ಲ. ತೋಟ ಮನೆಯ ಪಕ್ಕದಲ್ಲೇ ಇದೆ. ಬಿದಿರಿಗೂ ಈಗ ಕಾನೂನಿನ ಬಾಗಿಲು ತೆರೆದಿದೆ. ಮೇದರ ಸಹಕಾರ ಸಂಘಗಳ ಕೈಗೆ ನಾಲ್ಕಾರು ಎಕರೆ ಬಿದಿರು ಸಿಕ್ಕು, ಯಾವ ಗಳವನ್ನು ಯಾವಾಗ ಕಡಿಯಬೇಕೆಂದು ಅವರೇ ಹೇಳುವಂತಾದರೆ, ಮೊರ ತಾನಾಗಿಯೇ ಗಟ್ಟಿಯಾಗುತ್ತದೆ. ಕಾರ್ಯಾಗಾರ, ಪ್ರದರ್ಶನಗಳಿಗೆ ಸುರಿಯುವ ಹಣವನ್ನು ಮೊದಲು ಅಲ್ಲಿಗೆ ಸುರಿಯಲಿ.

ಈ ಸಲ ಮೊರ ಕೊಳ್ಳುವವರಿಗೆ ಕೆಲವು ಮಾತು. ಬಣ್ಣ ಬಳಿಯದ್ದನ್ನೇ ಕೇಳಿ. ಸೀಳಿನ ಹೊಳಪು ನೋಡಿದರೆ ಸಿಪ್ಪೆಯೋ ಬೆಂಡೋ ಗೊತ್ತಾಗುತ್ತದೆ. ಬೆಳಕಿಗೆ ಹಿಡಿಯಿರಿ, ಚುಕ್ಕಿ ಚುಕ್ಕಿ ಬೆಳಕು ಬಂದರೆ ಅಡ್ಡಿಯಿಲ್ಲ, ಗೆರೆ ಗೆರೆಯಾಗಿ ಬಂದರೆ ಬೇಡ. ಅಂಚಿನ ದಬ್ಬೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಕಟ್ಟು ಜಾರಬಾರದು. ಸಣ್ಣ ತೂತುಗಳ ಸುತ್ತ ಹಿಟ್ಟಿನಂಥ ಪುಡಿ ಕಂಡರೆ ಹುಳು ಹತ್ತಿದೆ. ಹಬ್ಬದ ನೂಕುನುಗ್ಗಲಿನಲ್ಲಿ ಇದೆಲ್ಲ ಆಗದ ಮಾತು ಎಂದರೆ, ಮಾರುವವರ ಫೋನ್‌ ನಂಬರ್‌ ತೆಗೆದಿಟ್ಟುಕೊಂಡು ಸಂಕ್ರಾಂತಿಯ ಹೊತ್ತಿಗೆ ಕೇರುವ ಮೊರ ಬೇಕೆಂದು ಹೇಳಿ ಮಾಡಿಸಿ. ಬೆಲೆ ಹೆಚ್ಚು ಹೇಳುತ್ತಾರೆ, ಕೊಡಿ. ಹೊಸ ಮೊರಕ್ಕೆ ಮೆತ್ತಲು ಮೆಂತ್ಯವನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು; ಹಳೆಯ ಪತ್ರಿಕೆಯ ಕಾಗದ ಸಾಕು, ಮಿರಿಮಿರಿ ಹೊಳೆಯುವ ಪುರವಣಿಯ ಕಾಗದ ನೆನೆಯುವುದಿಲ್ಲ.